ಒಬ್ಬ ಕಾಶಿಬಾಯಿಯನ್ನು ಇಬ್ಬರೆಂದು ಎಣಿಸಿದ ವೀಸಾ ಕಚೇರಿಗೆ

ಮಾನ್ಯ ವೀಸಾ ಅಧಿಕಾರಿಗಳೇ,

ನಿಮ್ಮ ತಿರಸ್ಕಾರ ಪತ್ರದ ಎರಡನೇ ಪುಟದಲ್ಲಿ ಬರುವ ಹೆಂಗಸು ನಾನು. ಅರ್ಜಿದಾರನ ಅಕ್ಕ ಎಂದು ಒಂದು ಕಡೆ, ಅರ್ಜಿದಾರನ ಹೆಂಡತಿಯ ತಾಯಿ ಎಂದು ಇನ್ನೊಂದು ಕಡೆ ನನ್ನ ಹೆಸರಿದೆ. ಹುಟ್ಟಿದ ತಾರೀಖು ಒಂದೇ, ಮನೆಯ ವಿಳಾಸ ಒಂದೇ. ಒಬ್ಬಳೇ ಹೆಂಗಸು ಎರಡೂ ಆಗಿರುವುದು ನಿಮಗೆ ನಂಬಲರ್ಹವಾಗಿ ಕಾಣಲಿಲ್ಲ. ಆದ್ದರಿಂದ ಮದುವೆಯೇ ನಂಬಲರ್ಹವಲ್ಲವೆಂದು ತೀರ್ಮಾನಿಸಿ, ನಿಮ್ಮ ದೇಶದಲ್ಲಿ ನರ್ಸ್ ಆಗಿರುವ ನನ್ನ ಮಗಳು ಮಂಜುಶ್ರೀಯ ಬಳಿಗೆ ಹೋಗಲು ಅವಳ ಗಂಡ ಹಾಕಿದ್ದ ಕಾಯಂ ವಾಸದ ಅರ್ಜಿಯನ್ನು ತಳ್ಳಿಹಾಕಿದ್ದೀರಿ. ಮಾನ್ಯರೇ, ನಾನು ಎರಡೂ ಹೌದು. ಅರ್ಜಿದಾರ ರವಿಕಾಂತ ನನ್ನ ಒಡಹುಟ್ಟಿದ ತಮ್ಮ. ನನ್ನ ಮಗಳನ್ನು ಅವನಿಗೇ ಕೊಟ್ಟಿದ್ದೇನೆ. ಇದಕ್ಕಿಂತ ಸರಳವಾಗಿ ಹೇಳಲು ನನಗೆ ಬರುವುದಿಲ್ಲ.

ನಿಮ್ಮ ಪತ್ರದ ಕೆಳಗೆ ಹೆಸರಿಲ್ಲ, 'ಅಧಿಕಾರಿ' ಎಂದಷ್ಟೇ ಇದೆ. ಈ ಇಮೇಲಿಗೆ ಉತ್ತರಿಸಬೇಡಿ ಎಂಬ ಸೂಚನೆಯೂ ಇದೆ. ಉತ್ತರಿಸಬಾರದ ಪತ್ರಕ್ಕೆ ಉತ್ತರ ಬರೆಯಲು ಪತ್ರಿಕೆಯೊಂದೇ ಜಾಗ. ಕನ್ನಡದಲ್ಲಿ ಬರೆದರೆ ಅವರಿಗೆ ಓದಲು ಬರುತ್ತದೆಯೇ ಎಂದು ನಮ್ಮ ಮನೆಯವರು ಕೇಳಿದರು. ಇಂಗ್ಲಿಷಿನಲ್ಲಿ ಬರೆದದ್ದನ್ನು ಅವರು ಓದಿದ ಚಂದ ನೋಡಿದಿರಲ್ಲ ಎಂದೆ.

ನಮ್ಮ ಹುಟ್ಟೂರು ಭಾಲ್ಕಿಯ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ತಲೆತಲಾಂತರದ ರೂಢಿ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆಯಿದೆ. ಹಾಗೆ ಹೊರಗೆ ಹೋದವಳ ಮಗಳನ್ನು ತಿರುಗಿ ಒಳಗೆ ಕರೆದುಕೊಳ್ಳುವ ದಾರಿ ಇದು. ನಮ್ಮಪ್ಪ ರೇವಣಪ್ಪನವರ ಕಡೆಯ ಆಸೆಯೂ ಅದೇ ಆಗಿತ್ತು. ರವಿಕಾಂತ ನನಗಿಂತ ಬಹಳ ಸಣ್ಣವನು, ನನ್ನ ಮಗಳಿಗಿಂತ ಐದೇ ವರ್ಷ ದೊಡ್ಡವನು. ನರ್ಸಿಂಗ್ ಮುಗಿಯುವ ತನಕ ಕಾಯುವುದಾದರೆ ಆಗಬಹುದು ಎಂದು ಮಗಳೇ ಷರತ್ತು ಹಾಕಿದಳು. ಅವನು ಕಾದ. ಕಾಯುವುದನ್ನು ಅವನಿಗೆ ನಿಮ್ಮ ಕಚೇರಿ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಈ ರೂಢಿ ಒಳ್ಳೆಯದೇ ಎಂದು ನೀವು ಕೇಳಿದರೆ, ಇವತ್ತು ನಾನು ಅಲ್ಲ ಎನ್ನುತ್ತೇನೆ. ಹನ್ನೆರಡು ವರ್ಷಗಳ ದಾಂಪತ್ಯದಲ್ಲಿ ಮಕ್ಕಳಾಗದಿರುವುದನ್ನು ನೀವು ಸಂಶಯದ ಇನ್ನೊಂದು ಕಾರಣವಾಗಿ ಬರೆದಿದ್ದೀರಿ. ಇಬ್ಬರ ರಕ್ತದಲ್ಲೂ ಒಂದೇ ದೋಷವಿದೆ, ಹುಟ್ಟುವ ಕೂಸಿಗೆ ತೊಂದರೆಯಾಗಬಹುದು ಎಂದು ಡಾಕ್ಟರು ಹೇಳಿದ ಮೇಲೆ ಅವರಿಬ್ಬರೂ ಕೂತು ಮಾತಾಡಿ ಮಕ್ಕಳು ಬೇಡವೆಂದುಕೊಂಡರು. ಆ ದಿನ ಅಡುಗೆಮನೆಯಲ್ಲಿ ಅತ್ತವಳು ನಾನು. ನನಗೆ ಚಹಾ ಮಾಡಿಕೊಟ್ಟವನು ಅವನು. ಹಿರಿಯರು ಕಟ್ಟಿದ ಗಂಟಿನ ಭಾರವನ್ನು ಆ ಮಕ್ಕಳು ಯಾರನ್ನೂ ದೂರದೆ ಹೊತ್ತಿದ್ದಾರೆ. ಅದನ್ನು ಬರೆಯಲು ನಿಮ್ಮ ನಮೂನೆಯಲ್ಲಿ ಜಾಗವಿರಲಿಲ್ಲ, ಇದ್ದರೂ ಅವರು ಬರೆಯುತ್ತಿರಲಿಲ್ಲ. ಗಂಡಹೆಂಡತಿ ಹೌದೋ ಅಲ್ಲವೋ ಎಂಬುದಕ್ಕೆ ನಿಮಗೆ ಇನ್ನೆಂಥ ಸಾಕ್ಷಿ ಬೇಕು?

ಇನ್ನು ನಿಮ್ಮ ಮೂರನೇ ಕಾರಣಕ್ಕೆ ಬರುತ್ತೇನೆ. ಮಂಜುಶ್ರೀ ಇಲ್ಲಿದ್ದಾಗಲೂ ಗಂಡಹೆಂಡತಿಯ ವಿಳಾಸ ಬೇರೆ ಬೇರೆ ಇತ್ತು ಎಂದಿದ್ದೀರಿ. ಹೌದು, ಇತ್ತು. ಅವನ ಕಾರ್ಖಾನೆ ಛತ್ರಪತಿ ಸಂಭಾಜಿನಗರದ ವಾಳೂಜಿನಲ್ಲಿ, ಅವಳ ಆಸ್ಪತ್ರೆಯೂ ನಮ್ಮ ಮನೆಯೂ ನಾಸಿಕಿನಲ್ಲಿ. ಶನಿವಾರ ಪಾಳಿ ಮುಗಿಸಿ ಬಸ್ಸು ಹಿಡಿದು ಬರುತ್ತಿದ್ದ, ಸೋಮವಾರ ಬೆಳಕು ಹರಿಯುವ ಮೊದಲು ಹೋಗುತ್ತಿದ್ದ. ನಮ್ಮ ಸಾತಪುರದ ಕಾಲನಿಯಲ್ಲಿ ಅರ್ಧ ಸಂಸಾರಗಳು ಹೀಗೆಯೇ ಇವೆ. ಹೊಟ್ಟೆಪಾಡಿಗಾಗಿ ದೂರ ಇದ್ದವರನ್ನೆಲ್ಲ ಸುಳ್ಳು ದಂಪತಿಗಳೆಂದರೆ ಈ ದೇಶದಲ್ಲಿ ನಿಜವಾದ ಮದುವೆ ಎಷ್ಟು ಉಳಿದಾವು?

ಆದರೂ ನಿಮ್ಮನ್ನು ಪೂರ್ತಿ ದೂರಲಾರೆ. ನಾನೂ ಒಂದು ಸಹಕಾರಿ ಪತ್ತಿನ ಸಂಘದಲ್ಲಿ ಗುಮಾಸ್ತೆಯಾಗಿ ಮೇಜಿನ ಆಚೆ ಕಡೆ ಕೂತವಳೇ. ನಿಮ್ಮ ಮೇಜಿನ ಮೇಲೆ ಒಂದಕ್ಕೊಂದು ಹೊಂದದ ಎರಡು ಕಾಗದಗಳು ಬಂದವು. ಅರ್ಜಿ ನನ್ನನ್ನು ಅಕ್ಕ ಎನ್ನುತ್ತದೆ. ದಂಪತಿಯನ್ನು ಬಲ್ಲ, ಬಂಧುಗಳಲ್ಲದವರೊಬ್ಬರ ಪ್ರಮಾಣಪತ್ರ ಬೇಕೆಂದು ನೀವು ಕೇಳಿದಿರಿ. ನಮ್ಮ ಎದುರು ಮನೆಯ ಮರಾಠಿ ಹೆಂಗಸು ವಂದನಾತಾಯಿ ನೋಟರಿಯ ಮುಂದೆ ಬರೆದುಕೊಟ್ಟ ಆ ಕಾಗದವೋ, ಮದುವೆಗೆ ಮೊದಲು ಈ ಎರಡು ಮನೆಗಳಿಗೆ ಯಾವ ನೆಂಟಸ್ತಿಕೆಯೂ ಇರಲಿಲ್ಲ ಎನ್ನುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದೆ. ಆದರೆ ನಮ್ಮ ಸಂಘದಲ್ಲಿ ಹೆಸರು ಹೊಂದದಿದ್ದರೆ ಮನುಷ್ಯನನ್ನು ಕರೆದು, ಕುರ್ಚಿ ಕೊಟ್ಟು, ಇದು ಹೀಗೇಕಿದೆ ಎಂದು ಕೇಳುವ ಪದ್ಧತಿಯಿತ್ತು. ನಮ್ಮದು ಸಣ್ಣ ಸಂಸ್ಥೆ, ಅದಕ್ಕೇ ಇರಬೇಕು.

ವಂದನಾತಾಯಿ ಸುಳ್ಳು ಬರೆಯಲಿಲ್ಲ. ನಾವು ಹೇಳಿದ್ದನ್ನು ಬರೆದರು. ಇಲ್ಲಿನ ಮರಾಠಿ ಜನರಲ್ಲಿ ತಾಯಿಯ ತಮ್ಮನೆಂದರೆ ತಂದೆಗೆ ಸಮಾನ. ಮದುವೆಯಲ್ಲಿ ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನೇ ಅವನು. ಅವನೇ ಬಾಸಿಂಗ ಕಟ್ಟಿಕೊಂಡು ನಿಂತಿದ್ದಾನೆ ಎಂದರೆ ಅವರ ಕಿವಿಗೆ ಹೇಗೆ ಕೇಳಿಸೀತು? ನಾವು ಬಂದ ಹೊಸದರಲ್ಲಿ ಕಲಬುರಗಿ ಕಡೆಯ ಒಬ್ಬಾಕೆ ಸೋದರಮಾವನನ್ನೇ ಮದುವೆಯಾದ ವಿಷಯ ಹೊರಬಿದ್ದು, ಆ ವರ್ಷದ ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಅವಳನ್ನು ಯಾರೂ ಕರೆಯಲಿಲ್ಲ. ಅದನ್ನು ಕಂಡವಳು ನಾನು. ಮದುವೆಯನ್ನು ಭಾಲ್ಕಿಯಲ್ಲಿ ಮುಗಿಸಿ ಬಂದು, ಅಳಿಯ ನಮ್ಮ ಊರ ಕಡೆಯ ಹುಡುಗ ಎಂದಷ್ಟೇ ಹೇಳಿದೆ. ಇಲ್ಲಿನ ಕನ್ನಡದ ಮನೆಗಳಲ್ಲಿ ಹೀಗೆ ಮುಚ್ಚಿಡುವುದೇನು ಹೊಸದಲ್ಲ. ಅಂದಿನಿಂದ ರವಿಕಾಂತ ಮೆಟ್ಟಿಲ ಮೇಲೆ ನನ್ನನ್ನು ಮರಾಠಿಯಲ್ಲಿ 'ಆಯಿ', ಅಂದರೆ ಅಮ್ಮ, ಎಂದು ಕೂಗುತ್ತಿದ್ದ, ಬಾಗಿಲು ಹಾಕಿಕೊಂಡ ಮೇಲೆ 'ಅಕ್ಕಾ' ಎನ್ನುತ್ತಿದ್ದ. ಅಕ್ಕಪಕ್ಕದವರಿಗೆ ಹೆದರಿ ಮುಚ್ಚಿಟ್ಟ ನೆಂಟಸ್ತಿಕೆ ಸಮುದ್ರದಾಚೆಯ ಕಚೇರಿಯಲ್ಲಿ ನಮ್ಮ ಕಾಲಿಗೆ ತೊಡರಿಕೊಳ್ಳುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಒಂದು ಪ್ರಶ್ನೆ ಕೇಳಲೇ? ವೀಸಾಕ್ಕಾಗಿ ಸುಳ್ಳು ಮದುವೆ ಮಾಡಿಕೊಳ್ಳುವವನು ಅಕ್ಕನ ಮಗಳನ್ನೇ ಹುಡುಕಿಕೊಂಡು ಹೋಗುತ್ತಾನೆಯೇ? ಗುರುತು ಪರಿಚಯವಿಲ್ಲದವರನ್ನು ಕಟ್ಟಿಕೊಂಡು, ಸಮುದ್ರತೀರದಲ್ಲಿ ನಗುವ ಫೋಟೋ ತೆಗೆಸಿ ಕಳಿಸಿದ್ದರೆ ನಿಮಗೆ ಹೆಚ್ಚು ನಂಬಿಕೆ ಬರುತ್ತಿತ್ತೇನೋ. ನಮ್ಮವರು ಕಳಿಸಿದ ಫೋಟೋಗಳಲ್ಲಿ ಒಬ್ಬರೂ ನಕ್ಕಿಲ್ಲ. ನಮ್ಮಲ್ಲಿ ಮದುವೆಯ ಫೋಟೋದಲ್ಲಿ ನಗುವುದಿಲ್ಲ, ಸ್ವಾಮಿ.

ಪತ್ರ ಬಂದ ಮೇಲೆ ರವಿಕಾಂತ ನನ್ನನ್ನೂ ಕರೆದುಕೊಂಡು ಕಾಲೇಜ್ ರೋಡಿನ ವೀಸಾ ಸಲಹೆಗಾರನ ಬಳಿಗೆ ಹೋದ. ಉತ್ಕರ್ಷ ಎಂಬ ಚುರುಕು ಹುಡುಗ. ಅವನ ಮೇಜಿನ ಮೇಲೆ ಹತ್ತು ದೇಶಗಳ ಪುಟ್ಟ ಬಾವುಟಗಳಿದ್ದವು. ಕಾಗದ ಓದಿ, ಇದೇನು ಮಹಾ ಎಂದ. ಹೊಸ ಅರ್ಜಿ ಹಾಕೋಣ, ತಾಯಿಯನ್ನು ತೆಗೆಯಲು ಬರುವುದಿಲ್ಲ, ಅಕ್ಕನನ್ನು ತೆಗೆದುಬಿಡೋಣ, ಹಳೆಯ ಅರ್ಜಿಯಲ್ಲಿದ್ದ ಅಕ್ಕ ಟೈಪಿಂಗ್ ತಪ್ಪು ಎಂದು ಬರೆಯೋಣ ಎಂದ. ನಾನು ಎದುರಿಗೇ ಕೂತಿದ್ದೆ. ಇಷ್ಟು ವರ್ಷ ಉಂಡು, ತಿಂದು, ಜಗಳಾಡಿ, ತಮ್ಮನ ತೊಟ್ಟಿಲು ತೂಗಿದವಳು ಒಂದು ಟೈಪಿಂಗ್ ತಪ್ಪಾದೆ. ಆದರೆ ನಿಜ ಹೇಳುತ್ತೇನೆ, ಅವನ ಮಾತು ನನಗೆ ಸಿಟ್ಟು ತರಿಸಲಿಲ್ಲ. ಮೂರು ವರ್ಷದಿಂದ ನನ್ನ ಮಗಳು ಪರದೇಶದಲ್ಲಿ ಪರರ ತಾಯಂದಿರನ್ನು ಎತ್ತಿ ಮಲಗಿಸಿ, ಖಾಲಿ ಕೋಣೆಗೆ ಹೋಗಿ ಒಬ್ಬಳೇ ಉಣ್ಣುತ್ತಿದ್ದಾಳೆ. ಅವಳ ಗಂಡ ವಾಳೂಜಿನಲ್ಲಿ ಒಬ್ಬನೇ ಉಣ್ಣುತ್ತಿದ್ದಾನೆ. ಮನೆಗೆ ಬಂದ ಮೇಲೆ, ತೆಗೆದುಬಿಡಪ್ಪ ನನ್ನ ಹೆಸರನ್ನು, ಕಾಗದದಲ್ಲಿ ಹೋದರೆ ಹೋಯಿತು ಎಂದು ನಾನೇ ಹೇಳಿದೆ. ರವಿಕಾಂತ ಒಪ್ಪಲಿಲ್ಲ.

"ಅಕ್ಕಾ, ನೀ ಇಲ್ಲ ಅಂತ ಬರ್ದು ಹೋದ್ರ, ಅಲ್ಲಿಂದ ಫೋನ್ ಹಚ್ಚಿದಾಗ ಯಾರಿಗಿ ಹಚ್ಚೀನಿ ಅಂತ ಹೇಳ್ಲಿ?" ಎಂದ. "ಇದ್ದಿದ್ದ ಇದ್ದಾಂಗ ಬರೀತೀನಿ. ಬ್ಯಾಡ ಅಂದ್ರ ಬ್ಯಾಡ ಅನ್ಲಿ."

ಇದ್ದದ್ದನ್ನು ಇದ್ದಂತೆ ಬರೆಯಬೇಕಾದರೆ ವಂದನಾತಾಯಿಯ ಪ್ರಮಾಣಪತ್ರವೂ ಬದಲಾಗಬೇಕಲ್ಲ. ಎದುರು ಮನೆಗೆ ನಾಲ್ಕು ಹೆಜ್ಜೆ. ನಿಮ್ಮ ಪತ್ರ ಹಿಡಿದುಕೊಂಡು ಹೋದೆ. ಆಕೆ ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ನಾನು ಎಲ್ಲವನ್ನೂ ಹೇಳಿ ಮುಗಿಸುವ ತನಕ ತಲೆ ಎತ್ತಲಿಲ್ಲ. ಆಮೇಲೆ ಮರಾಠಿಯಲ್ಲಿ, ದನಿ ಏರಿಸದೆ ಹೇಳಿದರು: "ಮದುವೆ ನಿಮ್ಮದು, ರೀತಿ ನಿಮ್ಮದು. ನನಗೆ ಹಿಡಿಸಲಿಲ್ಲ, ಅದು ಬೇರೆ ಮಾತು. ಆದರೆ ಆಣೆ ಮಾಡಿ ಸುಳ್ಳಿಗೆ ಸಹಿ ಹಾಕಿದವಳು ನಾನಾದೆ." ಎದ್ದು ಒಳಗೆ ಹೋಗಿ ನಮ್ಮ ಮನೆಯ ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟರು. ನಾವು ಊರಿಗೆ ಹೋದಾಗ ತುಳಸಿಗೆ ನೀರು ಹಾಕಲೆಂದು ಎಷ್ಟೋ ವರ್ಷಗಳಿಂದ ಅವರ ಮೊಳೆಗೆ ತೂಗುತ್ತಿದ್ದ ಕೈ ಅದು. ನನಗೆ ನಿಮ್ಮ ತಿರಸ್ಕಾರಕ್ಕಿಂತ ಅದು ಹೆಚ್ಚು ನೋಯಿಸಿತು, ಇನ್ನೂ ನೋಯಿಸುತ್ತಿದೆ.

ಕೆಲವು ದಿನಗಳ ಮೇಲೆ ನಮ್ಮ ಬಾಗಿಲ ಚಿಲಕಕ್ಕೆ ಒಂದು ಪ್ಲಾಸ್ಟಿಕ್ ಚೀಲ ನೇತುಬಿದ್ದಿತ್ತು. ಒಳಗೆ ಹೊಸ ಪ್ರಮಾಣಪತ್ರ. ಅಳಿಯ ಅತ್ತೆಗೆ ತಮ್ಮನಾಗಬೇಕು, ಇದು ನನಗೆ ಮೊದಲು ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ ಎಂದು ಬರೆದಿದ್ದರು. ಕೆಳಗೆ, ಯಾರೂ ಕೇಳದ ಎರಡು ಸಾಲುಗಳನ್ನು ತಾವಾಗಿಯೇ ಸೇರಿಸಿದ್ದರು. ಹೊಸ ಅರ್ಜಿಯ ಜೊತೆ ಅದು ನಿಮ್ಮ ಬಳಿಗೆ ಬಂದಿದೆ. ನೀವು ಓದದೆ ಬಿಟ್ಟೀರಿ ಎಂಬ ಭಯಕ್ಕೆ ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ:

"ಈ ಮದುವೆಯನ್ನು ನಾನು ಒಪ್ಪುವುದಿಲ್ಲ. ಆದರೆ ಇದು ಮದುವೆ. ಹನ್ನೆರಡು ವರ್ಷ ಎದುರು ಬಾಗಿಲಿನಿಂದ ನೋಡಿದ್ದೇನೆ."

ಮಾನ್ಯರೇ, ಒಪ್ಪದಿದ್ದವರೂ ನೋಡಿದ್ದನ್ನು ನೋಡಿದೆ ಎಂದರು. ನಿಮ್ಮಿಂದಲೂ ನಾನು ಒಪ್ಪಿಗೆ ಬೇಡುತ್ತಿಲ್ಲ, ನಮ್ಮ ರೂಢಿಯನ್ನು ಮೆಚ್ಚಿ ಎನ್ನುತ್ತಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಜ್ಜಿಯೂ ಮೊದಲು ಕೇಳುವ ಮಾತೊಂದಿದೆ: ಅವರು ನಿಮಗೇನಾಗಬೇಕು? ನೀವು ಬ್ಯಾಂಕಿನ ಕಾಗದ ಕೇಳಿದಿರಿ, ಪೊಲೀಸರ ಕಾಗದ ಕೇಳಿದಿರಿ, ಎದೆಯ ಎಕ್ಸ್‌ರೇ ಕೇಳಿದಿರಿ, ಇದೊಂದನ್ನು ಕೇಳಲಿಲ್ಲ. ಈ ಸಲ ಇಲ್ಲ ಎಂದು ಬರೆಯುವ ಮೊದಲು ಒಂದು ಫೋನ್ ಮಾಡಿ ಕೇಳಿ. ನಂಬರು ಅರ್ಜಿಯಲ್ಲಿ ಎರಡು ಕಡೆ ಇದೆ. ಎಲ್ಲಿಗೆ ಹಚ್ಚಿದರೂ ಎತ್ತುವವಳು ನಾನೇ.

ಇಂತಿ,
ತಮ್ಮನಿಗೆ ಅಕ್ಕ, ಅಳಿಯನಿಗೆ ಅತ್ತೆ, ನಿಮ್ಮ ಕಡತಕ್ಕೆ ಇಬ್ಬರು ಹೆಂಗಸರು,
ತನ್ನ ಮನೆಯ ಎರಡೂ ಬೀಗದ ಕೈಗಳನ್ನು ಈಗ ತನ್ನ ಬಳಿಯೇ ಇಟ್ಟುಕೊಂಡಿರುವ
ಕಾಶಿಬಾಯಿ
ಸಾತಪುರ, ನಾಸಿಕ್