ಅಂಗಾಲಿನ ಕಲೆ

ಕರಿಬಸಯ್ಯ ತಾತನವರೇ,

ನೀವು ಹೋದ ಮೇಲೆ ಮೊದಲ ಸಲ ಈ ಶ್ರಾವಣ ಸೋಮವಾರ ನಮ್ಮ ಗೊರೇಬಾಳದ ಮನೆಯಲ್ಲಿ ಪಾದಪೂಜೆಯಾಯಿತು. ಮನೆಗುರುವಾಗಿ ನಿಮ್ಮ ಜಾಗದಲ್ಲಿ ನಿಮ್ಮ ಮಗ ಗುರುಬಸಯ್ಯ ಕೂತಿದ್ದರು. ನೀರು ಹಾಕುವ ಮೊದಲು ನಾನು ಅವರ ಪಾದ ಎತ್ತಿ, ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿದೆ.

“ಅಯ್ಯನವರ ಅಂಗಾಲು ಏನ್ ನೋಡಾಕತ್ತೀ ಬೇ? ಸುಮ್ನ ನೀರು ಹಾಕು,” ಎಂದು ಅತ್ತೆ ಗದರಿದರು.

“ನೋಡ್ಲಿ ಬಿಡ್ರಿ,” ಎಂದರು ಗುರುಬಸಯ್ಯ.

ಅಲ್ಲಿ ಏನೂ ಇರಲಿಲ್ಲ.

ನಾನು ಸೊಸೆಯಾಗಿ ಬಂದು ನಿಮ್ಮ ಪಾದ ತೊಳೆದ ಮೊದಲ ಶ್ರಾವಣಕ್ಕೆ ನಿಮ್ಮ ಅಂಗಾಲಿನಲ್ಲಿ ಜೋಳದ ಕಾಳಿನಷ್ಟು ಕಪ್ಪು ಕಲೆ ಇತ್ತು. ಮರುವರ್ಷ ಅದು ಹುಣಸೆಬೀಜಕ್ಕಿಂತ ದೊಡ್ಡದಾಗಿತ್ತು. ಅಂಚು ಸೊಟ್ಟಸೊಟ್ಟಾಗಿ, ಒಂದು ಕಡೆ ಕಂದು, ಇನ್ನೊಂದು ಕಡೆ ಕಡುಗಪ್ಪಾಗಿತ್ತು. ಕೆಸರೆಂದುಕೊಂಡು ಎರಡು ಸಲ ಉಜ್ಜಿದೆ, ಹೋಗಲಿಲ್ಲ. ಗುರುವಿನ ಪಾದದಲ್ಲಿ ಕುಂದು ಹುಡುಕಬಾರದೆಂದು ಕಣ್ಣು ಮುಚ್ಚಿ ಹಣೆ ಹಚ್ಚಿದೆ.

ಅದು ಹುಣ್ಣಾಗಿ ರಕ್ತ ಬಂದ ಮೇಲೆ ನಾವು ನಿಮ್ಮನ್ನು ಲಿಂಗಸುಗೂರಿಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು, ಇದು ಚರ್ಮದ ಕ್ಯಾನ್ಸರ್, ಆಗಲೇ ಹಬ್ಬಿದೆ ಎಂದರು.

“ಇಷ್ಟು ದೊಡ್ಡದಾಗೂತನಕ ಯಾರೂ ನೋಡಿಲ್ಲೇನ್ರೀ?”

“ನನ್ನ ಅಂಗಾಲು ಯಾರು ನೋಡ್ತಾರ್ರೀ?” ಎಂದು ನೀವು ನಕ್ಕಿರಿ.

ನಾನು ಬುತ್ತಿಗಂಟು ಹಿಡಿದುಕೊಂಡು ನಿಮ್ಮ ಹಿಂದೆಯೇ ನಿಂತಿದ್ದೆ.

ಶೇಖರಮ್ಮ