ಶಾಮಲಾಗೆ ಬರೆದಿಟ್ಟ ಕಾಗದ

ಅಣ್ಣಾ,

ಮುದ್ದೆ ಮಾಡಿಟ್ಟಿದ್ದೇನೆ, ನೀನೇ ಬಡಿಸಿಕೋ. ನಿನಗೆ ಬಡಿಸಲು ನನಗೆ ಹೇಸಿಗೆ. ಊಟಕ್ಕೆ ಮುಂಚೆ ರೇಷ್ಮೆಹುಳಕ್ಕೆ ಸೊಪ್ಪು ಹಾಕು.

ನಾನು ಗೆಳತಿ ಶಾಮಲಾಗೆ ಬರೆದಿಟ್ಟ ಪ್ರೀತಿಯ ಕಾಗದವನ್ನು ನನ್ನ ಟ್ರಂಕಿನಿಂದ ಕದ್ದು ನಿನ್ನ ನಾಟಕದ ಹಾಸ್ಯಕ್ಕೆ ಹಾಕಿಕೊಂಡೆಯಲ್ಲ! ಸೀರೆ ಉಟ್ಟ ಗಂಡಸರಿಬ್ಬರು ಅದನ್ನು ಓದುತ್ತಾ ಕುಣಿದರು, ಊರೆಲ್ಲ ನಕ್ಕಿತು. ಕೇಳಿದರೆ, "ಜನ ನಕ್ರಲ್ಲ, ಬಿಡೇ" ಅಂದೆ. ಥೂ!

ನಾನು ಮದುವೆಯಾಗುವ ನರಸಿಂಹಪ್ಪನವರಿಗೆ ಎಲ್ಲ ಹೇಳಿದ್ದೇನೆ. ಶಾಮಲಾಳನ್ನೂ ಪ್ರೀತಿಸಿದೆ, ಅವರನ್ನೂ ಪ್ರೀತಿಸುತ್ತೇನೆ, ಎರಡೂ ನಿಜ. "ನಡಿ, ಮುಳಬಾಗಿಲಿಗೆ ಜೊತೆಗೆ ನಾನೂ ಬರ್ತೀನಿ" ಅಂದರು.

ಕಾಗದ ನಿನ್ನ ಜೇಬಿನಿಂದ ವಾಪಸ್ ತೆಗೆದುಕೊಂಡಿದ್ದೇನೆ. ಇವತ್ತು ಸಂಜೆ ಮುಳಬಾಗಿಲಿನಲ್ಲಿ ನಿನ್ನ ನಾಟಕಕ್ಕೆ ಮುಂಚೆ ನಾನೇ ಸ್ಟೇಜ್ ಹತ್ತಿ ಪೂರ್ತಿ ಓದುತ್ತೇನೆ. ಅವಳ ಹೆಸರು ಹೇಳುವುದಿಲ್ಲ, ನನ್ನದು ಹೇಳುತ್ತೇನೆ.

ಗಂಗರತ್ನ