ಗೋಡೆ ಗಟ್ಟಿ ಇದೆ ಎಂದಿದ್ದೆ

ಆಸ್ಟಿನ್
ಶುಕ್ರವಾರ, ಜನವರಿ 9, 2015

ಮಗಳೇ ಮಧುಶ್ರೀ,

ನಿನಗೂ ಅಳಿಯ ಚಿದಾನಂದರಿಗೂ ನನ್ನ ಕೂಸು ಅನಘಾಳಿಗೂ ಅಪ್ಪನ ಆಶೀರ್ವಾದ. ನಾವಿಲ್ಲಿ ಕ್ಷೇಮ. ನಿನ್ನ ತಮ್ಮ ಸಿದ್ಧಾರ್ಥ್ ಆಫೀಸಿಗೆ ಹೋಗಿದ್ದಾನೆ. ನಿನ್ನ ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ. ಅವನ ಪ್ರಿಂಟರಿನಿಂದ ನಾಲ್ಕು ಹಾಳೆ ತೆಗೆದುಕೊಂಡು ಊಟದ ಮೇಜಿನ ಮೇಲೆ ಬರೆಯಲು ಕೂತಿದ್ದೇನೆ. ಫೋನ್ ಇರುವಾಗ ಅಪ್ಪ ಕಾಗದ ಯಾಕೆ ಬರೆದ ಎಂದುಕೊಳ್ಳುತ್ತೀಯ. ಫೋನಿನಲ್ಲಿ ಹೇಳಲು ಹೋದರೆ ನನಗೆ ಬಾಯಿ ಬರುವುದಿಲ್ಲ.

ಮಂಗಳವಾರ ಸಂಜೆ ನೀನು ಫೋನ್ ಮಾಡಿದಾಗ ಸಿಗ್ನಲ್ ಹೋಗಿರಲಿಲ್ಲ. ಹೋಯಿತೆಂದು ಆಮೇಲೆ ಸಿದ್ಧಾರ್ಥನಿಂದ ಮೆಸೇಜ್ ಹಾಕಿಸಿದ್ದು ಸುಳ್ಳು. ಕಟ್ ಮಾಡಿದವನು ನಾನೇ.

ಅರ್ವಿಂಗ್‌ನ ನಿಮ್ಮ ಅಪಾರ್ಟ್‌ಮೆಂಟ್ ಒಂದೇ ದಿನದಲ್ಲಿ ಎಷ್ಟೋ ಸಲ ನಡುಗಿತು, ಕಪಾಟಿನ ಲೋಟಗಳು ಒಂದಕ್ಕೊಂದು ಬಡಿದವು, ಅನಘಾ ಕಿರುಚಿಕೊಂಡು ಮೇಜಿನ ಕೆಳಗೆ ಹೊಕ್ಕಳು ಎಂದು ನೀನು ಹೇಳುತ್ತಿದ್ದೆ. ಡಲ್ಲಾಸಿನ ಟಿವಿಯಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆಂದೂ ಅಂದೆ. ಕೊನೆಗೆ ಕೇಳಿದೆ: "ಅಪ್ಪಾ, ನೀವು ಇಂಜಿನಿಯರ್ ಅದೀರಿ. ಏನೂ ಆಗಂಗಿಲ್ಲ ಅಂತ ಒಂದ್ ಮಾತ ಹೇಳ್ರಿ, ಸಾಕು."

ಅದೇ ಮಾತನ್ನು ಇಪ್ಪತ್ತೊಂದು ವರ್ಷಗಳ ಹಿಂದೆ ಇನ್ನೊಬ್ಬರು ನನ್ನನ್ನು ಕೇಳಿದ್ದರು. ಆಗ ನಾನು ಉತ್ತರ ಕೊಟ್ಟಿದ್ದೆ.

ಗುಂಜವಾಡಿಯ ಮುತ್ಯಾ, ಆಯಿ, ಅಂದರೆ ನನ್ನ ಮಾವ, ಅತ್ತೆ, ಇಬ್ಬರೂ 1993ರ ಭೂಕಂಪದಲ್ಲಿ ಹೋದರೆಂದು ನಿನಗೆ ಗೊತ್ತು. ನಿನಗಾಗ ಏಳು ವರ್ಷ, ನಿನ್ನ ತಮ್ಮನಿಗೆ ಐದು. ನಿನ್ನ ಅವ್ವನ ತವರಾದ ಆ ಊರು ಗಡಿಯ ಆಚೆಗಿತ್ತು. ಶಾಲೆ, ಪಹಣಿ, ಬಸ್ಸಿನ ಬೋರ್ಡು ಎಲ್ಲ ಮರಾಠಿ. ಮನೆಯೊಳಗೆ ಜಗಳ, ಜೋಗುಳ ಎಲ್ಲ ಕನ್ನಡ. ನಾನಾಗ ಈಚೆಗೆ ಆಳಂದದಲ್ಲಿ ಜೂನಿಯರ್ ಇಂಜಿನಿಯರ್. ರಸ್ತೆ, ಸಣ್ಣ ಸೇತುವೆ ನೋಡಿಕೊಳ್ಳುವ ಕೆಲಸ.

ಭೂಕಂಪಕ್ಕೆ ಒಂದು ವರ್ಷ ಮೊದಲೇ ಆ ಸೀಮೆಯಲ್ಲಿ ನೆಲ ಗುಡುಗುತ್ತಿತ್ತು. ದೂರದಲ್ಲಿ ಬಂಡೆ ಸಿಡಿಸಿದಂಥ ಸದ್ದು, ಆಮೇಲೆ ಒಂದು ಸಣ್ಣ ನಡುಕ. ಜನ ಹೆದರಿ ಅಂಗಳದಲ್ಲಿ ಹೊರಸು ಹಾಕಿಕೊಂಡು ಮಲಗುತ್ತಿದ್ದರು. ಭೂಕಂಪಕ್ಕೆ ಹತ್ತು-ಹನ್ನೊಂದು ದಿನ ಮೊದಲು ಗಣೇಶನ ಹಬ್ಬಕ್ಕೆ ನಾವು ಹೋದಾಗ ನೀನೂ ಮುತ್ಯಾನ ಪಕ್ಕದಲ್ಲಿ ಮಲಗಿ ಚುಕ್ಕಿ ಎಣಿಸಿದ್ದೆ.

ಹಬ್ಬದ ಮರುದಿನ ಮುಂಜಾನೆ ಓಣಿಯ ಗಂಡಸರೆಲ್ಲ ಮುತ್ಯಾನ ಮನೆಯ ಕಟ್ಟೆಗೆ ಬಂದರು. ಪಕ್ಕದ ಮನೆಯ ಭೀಮಸೇನ, ಆಗ ಅವನಿಗೆ ಮೂವತ್ತೂ ಆಗಿರಲಿಲ್ಲ, ಎಲ್ಲರಿಗಿಂತ ಮುಂದೆ ನಿಂತಿದ್ದ. ನನ್ನನ್ನು ಹೊರಸಿನ ಮೇಲೆ ಕೂಡಿಸಿ ಚಹಾ ಕೊಟ್ಟರು. ಮುತ್ಯಾ ನೆಲದ ಮೇಲೆ ಕೂತು ಕೇಳಿದರು: "ಅಳೇಂದ್ರ, ಮಳಿ ಹತ್ತೇದ. ಮುದುಕೀಗಿ ಕೆಮ್ಮು. ಎಷ್ಟ ದಿನಂತ ಹೊರಗ ಮಕ್ಕೋಬೇಕು? ನೀವು ಇಂಜಿನಿಯರ್ ಅದೀರಿ, ನೀವಾ ಒಂದ್ ಮಾತ ಹೇಳ್ರಿ."

ನಾನು ಎದ್ದು ಹೋಗಿ ಗೋಡೆ ನೋಡಿದೆ. ಎರಡೂವರೆ ಅಡಿ ದಪ್ಪ, ಕರಿಕಲ್ಲು. ಅಂಗೈಯಿಂದ ಬಡಿದೆ. ಬಡಿದು, ಎಲ್ಲರಿಗೂ ಕೇಳುವಂತೆ ಹೇಳಿದೆ: "ಈ ಗ್ವಾಡಿ ನೂರು ವರ್ಷ ಅಲ್ಲಾಡಂಗಿಲ್ಲ. ಒಳಗ ಮಕ್ಕೋರಿ."

ನನಗೆ ಏನು ಗೊತ್ತಿತ್ತು, ಮಗಳೇ? ಆ ಕಲ್ಲುಗಳ ನಡುವೆ ಇದ್ದದ್ದು ಬರೀ ಮಣ್ಣು. ಸೋರದಿರಲೆಂದು ವರ್ಷ ವರ್ಷ ಮಾಳಿಗೆಯ ಮೇಲೆ ಮಣ್ಣು ಹೇರಿ ಹೇರಿ ಅದು ಒಂದು ಹೊಲದಷ್ಟು ಭಾರವಾಗಿತ್ತು. ಗೋಡೆ ದಪ್ಪವಿದ್ದಷ್ಟೂ ಬಿದ್ದಾಗ ಹೆಚ್ಚು ಕೊಲ್ಲುತ್ತದೆ ಎಂಬುದು ಆಮೇಲೆ ತಿಳಿದದ್ದು. ಭೂಕಂಪದ ಬಗ್ಗೆ ಕಾಲೇಜಿನಲ್ಲಿ ಇದ್ದದ್ದು ಒಂದೇ ಪಾಠ, ಅದನ್ನೂ ಪರೀಕ್ಷೆಗೆ ಓದದೆ ಬಿಟ್ಟಿದ್ದೆ. ನನಗೆ ಗೊತ್ತಿಲ್ಲ ಎಂದು ಹೇಳಬಹುದಿತ್ತು. ಅಷ್ಟು ಜನ ನನ್ನ ಮುಖ ನೋಡುತ್ತಿದ್ದರು. ಮಾವನ ಊರು. ಹೇಳಲಾಗಲಿಲ್ಲ.

ಅವತ್ತೇ ಮಧ್ಯಾಹ್ನ ನಾನು ಡ್ಯೂಟಿಗೆಂದು ಬಸ್ಸು ಹತ್ತಿದೆ. ನಿಮ್ಮಿಬ್ಬರನ್ನೂ ಕರೆದುಕೊಂಡು ಅವ್ವ ಐದು ದಿನ ಬಿಟ್ಟು ಬಂದಳು.

ಸೆಪ್ಟೆಂಬರ್ ಮೂವತ್ತರ ನಸುಕಿನಲ್ಲಿ ಆಳಂದದ ನಮ್ಮ ಕ್ವಾರ್ಟರ್ಸಿನಲ್ಲೂ ಪಾತ್ರೆಗಳು ಉರುಳಿದವು. ಗುಂಜವಾಡಿಗೆ ಹೋಗುವ ಬಸ್ಸುಗಳು ನಿಂತುಹೋಗಿದ್ದವು. ಇಟ್ಟಿಗೆ ಹೇರುವ ಲಾರಿಯೊಂದು ಸಿಕ್ಕಿತು. ಗಡಿಯಿಂದ ಮುಂದೆ ನಡೆದೇ ಹೋದೆ. ದಾರಿಯಲ್ಲಿ ಊರ ಹೊರಗಿನ ಗುಡಿಸಲುಗಳೆಲ್ಲ ಹಾಗೇ ನಿಂತಿದ್ದವು. ಅವುಗಳ ಮುಂದೆ ಬಡವರು ಮಕ್ಕಳನ್ನು ತಬ್ಬಿಕೊಂಡು ಜೀವಂತ ಕೂತಿದ್ದರು. ಒಳಗೆ ಕಲ್ಲಿನ ಊರು ಇರಲಿಲ್ಲ. ನಮ್ಮ ಓಣಿ ಯಾವುದೆಂದು ತಿಳಿಯಲು ಬೇವಿನ ಗಿಡವನ್ನು ಹುಡುಕಬೇಕಾಯಿತು.

ಭೀಮಸೇನ ಕಲ್ಲು ಎತ್ತಿ ಎತ್ತಿ ಹಾಕುತ್ತಿದ್ದ. ಅವನ ಹೆಂಡತಿ ಕೆಳಗಿದ್ದಳು. ನನ್ನನ್ನು ನೋಡಿದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ ಎಂದೂ ಅಂದುಕೊಂಡೆ. ಅವನು ಅಂದದ್ದು ಇಷ್ಟೇ: "ಬಂದ್ರೇನ್ರಿ ಸಾಹೇಬ್ರ? ಈ ಮಗ್ಗಲ ಹಿಡೀರಿ." ಹಿಡಿದೆ. ಸಂಜೆಯ ಹೊತ್ತಿಗೆ ಅವಳು ಸಿಕ್ಕಳು, ಜೀವವಿರಲಿಲ್ಲ. ಮರುದಿನ ಮುತ್ಯಾ, ಆಯಿ ಸಿಕ್ಕರು. ಪಡಸಾಲೆಯಲ್ಲಿ, ಹಾಸಿಗೆಯ ಮೇಲೇ ಇದ್ದರು. ಮಳೆ ಬರುತ್ತಿತ್ತು. ಕಟ್ಟಿಗೆ ಹತ್ತುತ್ತಿರಲಿಲ್ಲವಾದ್ದರಿಂದ ಬೇರೆಯವರ ಚಿತೆಗೆ ಸೀಮೆಎಣ್ಣೆ ಸುರಿಯುತ್ತಿದ್ದರು. ನಮ್ಮವರನ್ನು ನಮ್ಮ ಪದ್ಧತಿಯಂತೆ ಹೊಲದಲ್ಲೇ ಮಣ್ಣು ಮಾಡಿದೆವು. ಸತ್ತವರ ಹೆಸರು ಬರೆದುಕೊಳ್ಳಲು ಬಂದವನಿಗೆ ಕನ್ನಡ ಬಾರದು. ಮುತ್ಯಾನ ಹೆಸರನ್ನು ಎರಡು ಸಲ ತಪ್ಪಾಗಿ ಬರೆದ. ಎರಡೂ ಸಲ ಹೊಡೆದು ಹಾಕಿಸಿ ನಾನೇ ಬಿಡಿಸಿ ಹೇಳಿದೆ.

ಬೆಂಗಳೂರಿಗೆ ಪ್ರಮೋಷನ್ ಬಂದರೂ ನಾನು ಯಾಕೆ ಬೇಡವೆಂದೆ ಎಂದು ನೀನು ಕಾಲೇಜಿನಲ್ಲಿದ್ದಾಗ ಸಿಟ್ಟಿನಿಂದ ಕೇಳಿದ್ದೆ. ಆ ಸಿಟ್ಟು ನ್ಯಾಯವಾದದ್ದೇ. ನಾನು ಕೇಳಿಕೊಂಡು ಗಡಿಯ ಈಚೆ ಕಡೆಯ ಹಳ್ಳಿಗಳ ಮನೆ ರಿಪೇರಿ ಕೆಲಸಕ್ಕೆ ಹಾಕಿಸಿಕೊಂಡೆ. ಮಾಳಿಗೆಯ ಮಣ್ಣು ಇಳಿಸುವುದು, ಗೋಡೆಯ ಎರಡೂ ಮುಖ ಹಿಡಿದುಕೊಳ್ಳುವಂತೆ ಉದ್ದನೆಯ ಕಲ್ಲು ಕೂಡಿಸುವುದು. ಗೋಡೆ ಕಟ್ಟುವ ಗೌಂಡಿಗಳ ಜೊತೆ ಆರು ವರ್ಷ ಅದನ್ನೇ ಮಾಡಿದೆ. ಮನೆಯಲ್ಲಿ ಮಾತ್ರ, ಪ್ರಮೋಷನ್ ಆದರೆ ಓಡಾಟ ಜಾಸ್ತಿ ಎಂದು ನೆಪ ಹೇಳಿದೆ.

ಗುಂಜವಾಡಿಯವರು ಮೊದಲು ತಗಡಿನ ಶೆಡ್ಡುಗಳಲ್ಲಿ ಇದ್ದರು. ಆಮೇಲೆ ಹಳೆಯ ಊರಿನಿಂದ ಎರಡು ಮೈಲಿ ದೂರದಲ್ಲಿ ಹೊಸ ಊರು ಕಟ್ಟಿಕೊಟ್ಟರು. ನೆಟ್ಟಗಿನ ಸಾಲು, ಒಂದೇ ಥರದ ಮನೆ. ಮುದುಕಿಯರು ನೀರಿಗೆ ಹೋಗಿ ತಿರುಗಿ ಬರುವಾಗ ತಮ್ಮ ಮನೆ ಸಿಗದೆ ಕಂಡವರ ಬಾಗಿಲು ತಟ್ಟುತ್ತಿದ್ದರು. ಪಕ್ಕದ ಮನೆಯವರು ಊರಿನ ಆ ತುದಿಗೆ, ಜಗಳವಾಡಿದವರು ಅಕ್ಕಪಕ್ಕ. ಕೀಲಿ ಕೈ ತೆಗೆದುಕೊಂಡರೇ ಹೊರತು ಯಾರೂ ಒಳಗೆ ಮಲಗಲಿಲ್ಲ. ಮನೆಯಲ್ಲಿ ಜೋಳದ ಚೀಲ ಇಟ್ಟು ತಾವು ಹೊರಗೆ ಮಲಗಿದರು.

ನಾನು ನೋಡಲು ಹೋದ ದಿನ ಭೀಮಸೇನ ಕೇಳಿದ: "ಸಾಹೇಬ್ರ, ಒಳಗ ಮಕ್ಕೋಬಹುದೇನ್ರಿ?" ಸಾಹೇಬ ಎಂದು ಅವನು ಕುಹಕಕ್ಕೆ ಕರೆಯಲಿಲ್ಲ, ಅದೇ ನನಗೆ ತಡೆಯಲಾಗದ್ದು. ನನಗೆ ಗೊತ್ತಿಲ್ಲ ಎಂದೆ. ಕಂಬಿ ಎಲ್ಲಿ ಕಟ್ಟಿದ್ದಾರೆ, ಸೂರು ಎಷ್ಟು ಹಗುರ ಎಂದು ತೋರಿಸಿದೆ. ಇಷ್ಟು ನನಗೆ ಗೊತ್ತು, ಇದರ ಮುಂದಿನದು ಗೊತ್ತಿಲ್ಲ, ಇವತ್ತು ನಾನೂ ಇಲ್ಲೇ ಮಲಗುತ್ತೇನೆ ಎಂದೆ. ಇಬ್ಬರೂ ಒಳಗೆ ಮಲಗಿದೆವು. ಅವನಿಗೆ ನಿದ್ದೆ ಬಂತು.

ಈ ಯಾವುದನ್ನೂ ನಾನು ನಿನ್ನ ಅವ್ವನಿಗೆ ಹೇಳಿಲ್ಲ. ಆ ಮುಂಜಾನೆ ಅವಳು ಒಳಗೆ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು, ನನ್ನ ಮಾತು ಅವಳ ಕಿವಿಗೆ ಬಿದ್ದಿರಲಿಕ್ಕಿಲ್ಲ. ತವರನ್ನು ಕಳೆದುಕೊಂಡವಳಿಗೆ, ಕಳೆದವನು ನಾನು ಎಂದು ಯಾವ ಬಾಯಿಂದ ಹೇಳಲಿ?

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಅರ್ವಿಂಗ್‌ನಲ್ಲಿ ಏನಾಗುತ್ತದೆ ನನಗೆ ಗೊತ್ತಿಲ್ಲ ಮಗಳೇ. ಗೊತ್ತಿರುವುದಿಷ್ಟು. ನಿಮ್ಮದು ಕಟ್ಟಿಗೆಯ ಚೌಕಟ್ಟಿನ ಕಟ್ಟಡ, ಸೂರು ಹಗುರ, ಗುಂಜವಾಡಿಯ ಮಾಳಿಗೆಯಲ್ಲ. ಅನಘಾಳ ಮಂಚದ ತಲೆಯ ಕಡೆ ನೀವಿಟ್ಟ ಪುಸ್ತಕದ ಕಪಾಟನ್ನು ಇವತ್ತೇ ಸರಿಸಿ, ಗೋಡೆಗೆ ಕಟ್ಟಿ. ಟಿವಿಗೂ ಪಟ್ಟಿ ಹಾಕಿ. ಅಡಿಪಾಯದಲ್ಲಿ ಬಿರುಕು ಇದೆಯೇ ನೋಡಲು ಮ್ಯಾನೇಜರಿಗೆ ಬರೆದು ಕೇಳಿ, ಬಾಯಿಮಾತು ಬೇಡ. ಅಲೆನ್‌ನಲ್ಲಿ ಮನೆ ನೋಡೋಣ ಎಂದು ಚಿದಾನಂದರು ಅಂದರಂತೆ. ಪ್ಲೇನೋದ ಅವರ ಆಫೀಸಿಗೂ ಅದು ಹತ್ತಿರ, ನೋಡಿ. ಆದರೆ ಹೆದರಿಕೆಯಿಂದ ಬೇಡ, ವಿಚಾರ ಮಾಡಿ ಹೋಗಿ.

ನಾಳೆ ಶನಿವಾರ ಸಿದ್ಧಾರ್ಥ್ ಡ್ರೈವ್ ಮಾಡಿಕೊಂಡು ನನ್ನನ್ನು ನಿಮ್ಮಲ್ಲಿಗೆ ಬಿಡುತ್ತಾನೆ. ನೆಲ ಸುಮ್ಮನಾಗುವವರೆಗೆ ನಿಮ್ಮ ಮನೆಯಲ್ಲೇ ಇರುತ್ತೇನೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಿನ್ನ ಕೈಗೇ ಕೊಡುತ್ತೇನೆ. ನಾನು ಪಾರ್ಕಿಗೆ ಕೂಸನ್ನು ಕರೆದುಕೊಂಡು ಹೋದಾಗ ಓದು. ಓದಿದ ಮೇಲೆ ನನ್ನನ್ನು ಏನು ಬೇಕಾದರೂ ಕೇಳು. ಈ ಸಲ ಕಟ್ ಮಾಡುವುದಿಲ್ಲ.

ನಿನ್ನ ಅಪ್ಪ,
ಬಸಲಿಂಗಪ್ಪ

ತಾ.ಕ.: ಮಡಚುವ ಮೊದಲು ಧೈರ್ಯ ಮಾಡಿ ಇದನ್ನು ನಿನ್ನ ಅವ್ವನಿಗೆ ಓದಿ ಹೇಳಿದೆ. ಅವಳು ಒಲೆ ಆರಿಸಿ ಎದುರಿಗೆ ಬಂದು ಕೂತಳು. ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಜೋಡಿಸಿಟ್ಟಳು. ಆಮೇಲೆ ಅಂದಳು: "ನಿಮ್ಮ ಮಾತ ನಮ್ಮಪ್ಪ ಕೇಳೇ ಇದ್ದಿಲ್ರಿ. ನಿನ್ನ ಗಂಡಗ ರಸ್ತಾ ಗೊತ್ತು, ಭೂಮಿ ಗೊತ್ತಿಲ್ಲ ಅಂತ ನಕ್ಕು, ನೀವು ಹ್ವಾದ ಮ್ಯಾಲೂ ಹೊರಗ ಮಲಗಿದ್ದ. ಮೂರನೇ ದಿನ ಅವ್ವನ ಕೆಮ್ಮು ನೋಡಲಿಕ್ಕಾಗಲಿಲ್ಲ ನನಗ. ಜಗಳಾ ಮಾಡಿ, ಅತ್ತು, ಇಬ್ಬರ ಹಾಸಿಗೀನೂ ಪಡಸಾಲ್ಯಾಗ ಹಾಸಿದಾಕಿ ನಾನು." ಇಪ್ಪತ್ತೊಂದು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಬದುಕಿದೆವು. ನಾಳೆ ಅವಳೂ ಬರುತ್ತಾಳೆ. ಇದನ್ನು ಓದಿದ ಕೂಡಲೇ ಅವಳನ್ನು ಏನೂ ಕೇಳಬೇಡ. ನಾವು ಪಾರ್ಕಿನಿಂದ ಬಂದ ಮೇಲೆ ಅನಘಾಳನ್ನು ಅವಳ ತೊಡೆಯ ಮೇಲೆ ಕೂಡಿಸು.